‘ಎಲ್ಲಾ ನಡೆಯೋ ದೂರ’: ಮಲ್ಲೇಶ್ವರದ ಒಂದು ಫ್ಲ್ಯಾಟು, ಅದರ ಹಿಂದಿನ ಗಲ್ಲಿ

1/5
ಮೊದಲನೇ ಫೋಟೋ ಮಾರಾಟಕ್ಕಿರೋ ಒಂದು ಫ್ಲ್ಯಾಟಿನ ಬಾಲ್ಕನಿಯಿಂದ ತೆಗೆದದ್ದು. ನಮ್ಮ ಅತ್ತೆ ಮಲ್ಲೇಶ್ವರದಲ್ಲಿ ಮನೆ ನೋಡ್ತಿದ್ದಾರೆ, ಭಾನುವಾರ ನಾನೂ ಜೊತೆಗೆ ಹೋಗಿದ್ದೆ. ಎರಡು ಬೆಡ್‌ರೂಮು, ಹೊಳೆಯೋ ಬಿಳಿ ಟೈಲ್ಸು, ಎರಡು ಲಿಫ್ಟು. ತೋರಿಸೋಕೆ ಬಂದವರು ಒಂದೇ ಮಾತನ್ನ ನಾಲ್ಕು ಸಲ ಹೇಳಿದ್ರು: “ಎಲ್ಲಾ ನಡೆಯೋ ದೂರ, ಮೇಡಂ.” ಸುಳ್ಳೇನಲ್ಲ. ಎಂಟನೇ ಕ್ರಾಸಿನ ಹೂವು ಹಣ್ಣು, ಕಾಡು ಮಲ್ಲೇಶ್ವರನ ಗುಡಿ, ಸಿಟಿಆರ್ ದೋಸೆ, 2014ರಲ್ಲಿ ಶುರುವಾದ ಸಂಪಿಗೆ ರಸ್ತೆಯ ಮೆಟ್ರೋ, ಎಲ್ಲಕ್ಕೂ ಕಾಲೇ ಸಾಕು. ಬೆಲೆ ಕೇಳಿದ ಮೇಲೆ ಅತ್ತೆ ಮಾತಾಡದೆ ಬಾಲ್ಕನಿಗೆ ಬಂದು ನಿಂತರು. ನಾನೂ ಹೋಗಿ ನಿಂತೆ. ಆಗ ಕೆಳಗೆ ಕಂಡದ್ದೇ ಈ ಸಣ್ಣ ಗಲ್ಲಿ.

2/5
ಇವತ್ತು ‘ಹತ್ತಿರ’ ಅನ್ನೋದಕ್ಕೆ ದುಡ್ಡು. 1898ರಲ್ಲಿ ಜನ ಓಡಿದ್ದೇ ‘ಹತ್ತಿರ’ದಿಂದ ದೂರಕ್ಕೆ.

ಆ ವರ್ಷ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಚಿಕ್ಕಪೇಟೆ, ಬಳೆಪೇಟೆ, ಅಕ್ಕಿಪೇಟೆ ನೋಡಿದ್ದೀರಲ್ಲ? ಕೆಳಗೆ ಅಂಗಡಿ, ಮೇಲೆ ಮನೆ, ಗೋಡೆಗೆ ಗೋಡೆ ಅಂಟಿಕೊಂಡು. ಅಕ್ಕಿ, ಬಟ್ಟೆ, ನೆಂಟರು, ದೇವರು, ಎಲ್ಲಾ ನಡೆಯೋ ದೂರ. ಇಲಿಗೂ ಅಷ್ಟೇ! ಆದ್ರೆ ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತೆ ಅನ್ನೋದನ್ನ ಆಗಿನ್ನೂ ಎಲ್ಲರೂ ಒಪ್ಪಿರಲಿಲ್ಲ. ಗಾಳಿ ಬೆಳಕಿಲ್ಲದ ಇಕ್ಕಟ್ಟೇ ರೋಗ ಅಂತ ನಂಬಿದ್ರು. ಜನ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಹಾಕಿಕೊಂಡರು. ಪ್ಲೇಗಮ್ಮನಿಗೆ ಗುಡಿ ಕಟ್ಟಿದ್ದೂ ಆ ಕಾಲದ ಭಯದಲ್ಲೇ.

3/5
ಹೊಸ ಬಡಾವಣೆಗಳ ಯೋಚನೆ ಪ್ಲೇಗಿಗಿಂತ ಹಳೇದು. ಪ್ಲೇಗ್ ಬಂದ ಮೇಲೆ ಕೆಲಸ ಚುರುಕಾಯ್ತು. ಆಗ ದಿವಾನರು ಕೆ. ಶೇಷಾದ್ರಿ ಅಯ್ಯರ್, ಪ್ಲೇಗ್ ಕಮಿಷನರ್ ವಿ.ಪಿ. ಮಾಧವರಾವ್. ದಕ್ಷಿಣಕ್ಕೆ ಬಸವನಗುಡಿ, ವಾಯವ್ಯಕ್ಕೆ ಮಲ್ಲೇಶ್ವರ. ಇಲ್ಲಿನ ಗುಡಿಯ 1669ರ ಶಾಸನದಲ್ಲಿ ಈ ಜಾಗಕ್ಕೆ ಮಲ್ಲಪುರ ಅಂತ ಹೆಸರು. ಅದನ್ನ ಬರೆಸಿದ್ದು ಶಿವಾಜಿಯ ಮಲತಮ್ಮ ವೆಂಕೋಜಿ (ಅದು ಬೇರೆಯೇ ಕಥೆ, ಇನ್ನೊಂದು ದಿನ ಹೇಳ್ತೀನಿ).

ನೇರ ಮುಖ್ಯರಸ್ತೆ, ಅಡ್ಡಡ್ಡ ಕ್ರಾಸು, ಸೈಟಿನ ಮಧ್ಯೆ ಮನೆ, ಸುತ್ತ ಗಾಳಿಗೆ ಜಾಗ, ಬೀದಿಗೆ ಮರ. ಸಂಪಿಗೆ ರಸ್ತೆಯ ಹೆಸರು ಸಂಪಿಗೆ ಮರದ್ದು, ಮಾರ್ಗೋಸ ರಸ್ತೆಯದ್ದು ಬೇವಿನದ್ದು. ಕ್ರಾಸು ಕ್ರಾಸಿಗೂ ತಿರುವು ಸಿಗೋದ್ರಿಂದ್ಲೇ ಇಲ್ಲಿ ನಡೆಯೋಕೆ ಸುಲಭ. ಇವತ್ತು ಫ್ಲ್ಯಾಟಿನವರು ಮಾರ್ತಿರೋದು ಅದನ್ನೇ, ಅವರು ಮಾಡಿದ್ದೇನೂ ಅಲ್ಲ. ಆದ್ರೆ ಸೈಟು ಹಂಚುವಾಗ ಯಾವ ಜಾತಿಯವರು ಯಾವ ಕಡೆ ಅನ್ನೋ ಲೆಕ್ಕವೂ ಇತ್ತು. ಗಾಳಿ ಬೆಳಕಿನ ಮಾತಾಡೋವಾಗ ಇದನ್ನ ಯಾರೂ ಹೇಳಲ್ಲ.

4/5
ಈಗ ಗಲ್ಲಿಗೆ ಬರೋಣ. ಎರಡು ಸಾಲು ಮನೆಗಳ ಬೆನ್ನಿನ ನಡುವೆ ಹೋಗೋ ಈ ಕಿರುದಾರಿಗೆ ಕನ್ಸರ್ವೆನ್ಸಿ ಅಂತಾರೆ. ಆಗ ಒಳಚರಂಡಿ ಇರಲಿಲ್ಲ. ಮನೆಯ ಹಿತ್ತಿಲಲ್ಲಿ ಕಕ್ಕಸು, ಅದಕ್ಕೆ ಗಲ್ಲಿ ಕಡೆ ಒಂದು ಸಣ್ಣ ಬಾಗಿಲು. ಜಾಡಮಾಲಿಗಳು ಆ ಬಾಗಿಲಿಂದ ಮಲ ತೆಗೆದು ಹೊತ್ತು ಹೋಗಬೇಕು. ಮುಂದಿನ ಬೀದಿಯಲ್ಲಿ ಅವರು ಕಾಣಬಾರದು. ಒಬ್ಬರು ಸಂಪಿಗೆ ಮರದ ಕೆಳಗೆ ನಡೆಯೋಕೆ ಇನ್ನೊಬ್ಬರಿಗೆ ಹಿಂದೆ ಬೇರೆ ದಾರಿ. ಎರಡೂ ಒಂದೇ ನಕ್ಷೆಯಲ್ಲಿ ಗೆರೆ ಎಳೆದು ಮಾಡಿದ್ದು.

ಒಳಚರಂಡಿ ಬಂದ ಮೇಲೆ ಗಲ್ಲಿಗೆ ಕೆಲಸ ಇಲ್ಲದಾಯ್ತು. ಆದ್ರೆ ತಲೆ ಮೇಲೆ ಮಲ ಹೊರೋದನ್ನ ಕರ್ನಾಟಕ ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರ ಹಟದಿಂದ. ಸಂಸತ್ತು ಕಾನೂನು ಮಾಡಿದ್ದು 1993ರಲ್ಲಿ, ಇನ್ನೂ ಬಿಗಿಯಾದದ್ದು 2013ರಲ್ಲಿ. ನಮ್ಮಲ್ಲಿ ಎಷ್ಟೋ ಜನ ಹುಟ್ಟಿದ ಮೇಲೆ!

ಈಗ ಕೆಲವು ಗಲ್ಲಿಗಳ ಗೋಡೆಗೆ ಚಿತ್ರ ಬರೆದು ನಡೆಯೋ ದಾರಿ ಮಾಡಿದ್ದಾರೆ. ಚೆನ್ನಾಗಿದೆ, ನಾನೂ ಅಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದೀನಿ. ಯಾವ ದಾರಿ ಅಂತ ಆಗ ಗೊತ್ತಿರಲಿಲ್ಲ.

5/5
ಹಳೇ ಮನೆ ಬಿದ್ದ ಜಾಗದಲ್ಲೇ ಈ ಫ್ಲ್ಯಾಟು ಎದ್ದಿರೋದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಪ್ರಕಾರ ಫ್ಲ್ಯಾಟು ಕೊಂಡವರಿಗೆ ತಮ್ಮ ಗೋಡೆಯೊಳಗಿನ ಮನೆ ಪೂರ್ತಿ ಸ್ವಂತ. ಮೆಟ್ಟಿಲು, ಲಿಫ್ಟು, ಅಂಗಳದಂಥ ಹಂಚಿಕೊಂಡ ಜಾಗದಲ್ಲಿ ಒಂದು ಪಾಲು, ಬೇರೆ ಮಾಡಿ ಕೊಡಿ ಅಂತ ಕೇಳೋ ಹಾಗಿಲ್ಲ.

ಎರಡು ಲಿಫ್ಟು ಅಂದೆನಲ್ಲ? ಒಂದರ ಮೇಲೆ ‘ಸರ್ವಿಸ್’ ಅಂತ ಬರೆದಿತ್ತು. ಸಾಮಾನಿಗಾ ಅಂತ ಅತ್ತೆ ಕೇಳಿದ್ರು. “ಸಾಮಾನಿಗೆ, ಆಮೇಲೆ ಕೆಲಸದವರಿಗೆ,” ಅಂದ್ರು ಅವರು. ಮೆಟ್ಟಿಲು ಒರೆಸುತ್ತಿದ್ದ ಅಕ್ಕನನ್ನ ಮಾತಾಡಿಸಿದೆ. ಬೆಳಗ್ಗೆ ಐದೂವರೆಗೆ ಮನೆ ಬಿಟ್ಟು ಎರಡು ಬಸ್ಸು ಬದಲಾಯಿಸಿ ಬರ್ತಾರಂತೆ.

ಅತ್ತೆ ಇನ್ನೂ ಏನೂ ಹೇಳಿಲ್ಲ. ಕೊನೇ ಫೋಟೋ ಪಕ್ಕದ ಮನೆಯ ಕಾಂಪೌಂಡಿನದು, ಗಲ್ಲಿ ಕಡೆಯಿಂದ ತೆಗೆದದ್ದು. ನೆಲದ ಹತ್ತಿರ, ಇಟ್ಟಿಗೆ ಇಟ್ಟು ಮುಚ್ಚಿದ ಚೌಕ ಕಾಣ್ತಿದೆಯಲ್ಲ, ಝೂಮ್ ಮಾಡಿ.