ಕುಷ್ಠರೋಗದ ಮುಂದೆ ನಮ್ಮ ರೋಗನಿರೋಧಕ ಶಕ್ತಿ ಸೋಲುವುದೇಕೆ?

“ರಕ್ತ ಕೆಟ್ಟರೆ ಕುಷ್ಠ ಬರುತ್ತದೆ, ಇಮ್ಯೂನಿಟಿ ಹೆಚ್ಚಿಸುವ ಕಷಾಯ ಕುಡಿದರೆ ವಾಸಿಯಾಗುತ್ತದೆ.” ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಎರಡೂ ಮಾತು ತಪ್ಪು.

ಕುಷ್ಠಕ್ಕೆ ಕಾರಣ ಮೈಕೋಬ್ಯಾಕ್ಟೀರಿಯಂ ಲೆಪ್ರೆ ಎಂಬ ಬ್ಯಾಕ್ಟೀರಿಯಾ. ಇದನ್ನು 1873ರಲ್ಲಿ ಗುರುತಿಸಿದವರು ನಾರ್ವೆಯ ವೈದ್ಯ ಹ್ಯಾನ್ಸನ್. ನೂರರಲ್ಲಿ ಸುಮಾರು 95 ಮಂದಿಗೆ ಇದರ ವಿರುದ್ಧ ಸಹಜವಾಗಿಯೇ ರಕ್ಷಣೆ ಇರುತ್ತದೆ. ಹಾಗಾದರೆ ಉಳಿದವರಲ್ಲಿ ಏನಾಗುತ್ತದೆ?

ಕಾವಲುಗಾರನ ಮನೆಯಲ್ಲೇ ಕಳ್ಳ

ರೋಗಾಣುಗಳನ್ನು ನುಂಗಿ ಕೊಲ್ಲುವುದು ಮ್ಯಾಕ್ರೋಫೇಜ್ ಎಂಬ ಕೋಶಗಳ ಕೆಲಸ. ಆದರೆ ಈ ಬ್ಯಾಕ್ಟೀರಿಯಾದ ಮೈಮೇಲೆ ಮೇಣದಂಥ ಪದರವಿದೆ. ಅದರ ಬಲದಿಂದ ಇದು ನುಂಗಿದ ಕೋಶದೊಳಗೇ ಬದುಕಿ ಬೆಳೆಯುತ್ತದೆ. ನರಗಳಿಗೆ ಹೊದಿಕೆಯಾಗಿರುವ ಶ್ವಾನ್ ಕೋಶಗಳಲ್ಲೂ ಅಡಗುತ್ತದೆ. ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ಹೀಗಾಗಿ ಲಕ್ಷಣ ಕಾಣಿಸಲು ವರ್ಷಗಳೇ ಹಿಡಿಯಬಹುದು.

ಪ್ರತಿಕಾಯಗಳಿದ್ದರೂ ಪ್ರಯೋಜನವಿಲ್ಲ

ಒಳಗೆ ಅಡಗಿದ ರೋಗಾಣುವನ್ನು ಕೊಲ್ಲಲು ಟಿ ಕೋಶಗಳು ಮ್ಯಾಕ್ರೋಫೇಜ್‌ಗಳನ್ನು ಎಚ್ಚರಿಸಬೇಕು. ಕೆಲವರಲ್ಲಿ ಈ ಎಚ್ಚರಿಕೆ ಸರಿಯಾಗಿ ತಲುಪುವುದಿಲ್ಲ. ಬದಲಿಗೆ ದೇಹ ಪ್ರತಿಕಾಯಗಳನ್ನು ಹೇರಳವಾಗಿ ತಯಾರಿಸುತ್ತದೆ. ಅವು ಕೋಶದ ಒಳಗೆ ಹೋಗಲಾರವು. ಆಗ ರೋಗ ಮೈಯೆಲ್ಲ ಹರಡುತ್ತದೆ.

ಇನ್ನು ಕೆಲವರಲ್ಲಿ ಟಿ ಕೋಶಗಳ ದಾಳಿ ಜೋರಾಗಿರುತ್ತದೆ. ಬ್ಯಾಕ್ಟೀರಿಯಾ ಹತೋಟಿಗೆ ಬರುತ್ತದೆ, ಮಚ್ಚೆಗಳೂ ಕಡಿಮೆ. ಆದರೆ ಆ ಹೋರಾಟದಲ್ಲಿ ನರಗಳಿಗೇ ಪೆಟ್ಟು ಬೀಳುತ್ತದೆ. ಆದ್ದರಿಂದ ಇಮ್ಯೂನಿಟಿ ಹೆಚ್ಚಾದಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಬೆರಳು ತಾನಾಗಿ ಉದುರುತ್ತದೆಯೇ?

ಇಲ್ಲ. ನರ ಹಾಳಾದಾಗ ಸ್ಪರ್ಶಜ್ಞಾನ ಹೋಗುತ್ತದೆ. ಸುಟ್ಟರೂ ಚುಚ್ಚಿದರೂ ಗೊತ್ತಾಗದೆ ಗಾಯ ಕೀವಾಗಿ ಅಂಗ ಊನವಾಗುತ್ತದೆ.

ನೀವು ಮಾಡಬೇಕಾದದ್ದು

ಚರ್ಮದ ಮೇಲೆ ಬಣ್ಣ ಮಾಸಿದ ಅಥವಾ ಕೆಂಪಗಿನ, ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಎಂಡಿಟಿ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. 6 ಅಥವಾ 12 ತಿಂಗಳಲ್ಲಿ ರೋಗ ವಾಸಿಯಾಗುತ್ತದೆ. ಮಧ್ಯೆ ಮಚ್ಚೆ ಊದಿಕೊಂಡರೆ, ನರ ನೋಯತೊಡಗಿದರೆ ಮಾತ್ರೆ ನಿಲ್ಲಿಸಬೇಡಿ, ಕೂಡಲೇ ವೈದ್ಯರಿಗೆ ತೋರಿಸಿ. ಅದು ರೋಗನಿರೋಧಕ ವ್ಯವಸ್ಥೆಯ ಪ್ರತಿಕ್ರಿಯೆ, ಅದಕ್ಕೂ ಚಿಕಿತ್ಸೆ ಇದೆ.

ಕೈಕುಲುಕಿದರೆ, ಜೊತೆಗೆ ಕುಳಿತು ಉಂಡರೆ ಕುಷ್ಠ ಅಂಟುವುದಿಲ್ಲ. ಇದು ಶಾಪವೂ ಅಲ್ಲ, ಪಾಪದ ಫಲವೂ ಅಲ್ಲ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.