ಧ್ವನಿವರ್ಧಕದ ಒಳತಂತಿಯ ಪೂರ್ವಚರಿತ್ರೆ



ಮನೆಯಲ್ಲಿ ತಾವೇ ವಾಲ್ವುಗಳ ಧ್ವನಿವರ್ಧಕವನ್ನು ಕಟ್ಟಲು ಹೊರಡುವವರು ವಾಲ್ವನ್ನೂ ಟ್ರಾನ್ಸ್‌ಫಾರ್ಮರನ್ನೂ ಬಹಳ ವಿಚಾರಿಸಿ ಕೊಳ್ಳುತ್ತಾರೆ. ಒಳಗಿನ ತಂತಿಗೆ ಮಾತ್ರ ಕೈಗೆ ಸಿಕ್ಕಿದ್ದೇ ಸಾಕೆನ್ನುತ್ತಾರೆ. ಆ ಗೇಣುದ್ದದ ತಂತಿಗೂ ಒಂದು ಚರಿತ್ರೆಯುಂಟು. ಅದನ್ನು ತಿಳಿದರೆ ಆಯ್ಕೆಯು ಸುಲಭವಾಗುವುದೆಂದು ನಾವು ಭಾವಿಸುತ್ತೇವೆ.

ಮೊದಲು ಹೊದಿಕೆಯನ್ನು ನೋಡೋಣ. 1830ರ ಸುಮಾರಿಗೆ ಅಮೆರಿಕದ ಜೋಸೆಫ್ ಹೆನ್ರಿಯು ತನ್ನ ವಿದ್ಯುತ್ಕಾಂತಗಳಿಗೆ ರೇಷ್ಮೆ ಸುತ್ತಿದ ತಂತಿಯನ್ನು ಬಳಸಿದನು. ಆದರೆ ನೂಲಿನ ಹೊದಿಕೆ ತೇವವನ್ನು ಹೀರುವುದು. ಬಳಿಕ ಬಂದ ರಬ್ಬರು ತೇವವನ್ನು ತಡೆಯಿತು. ಆದರೆ ವಾಲ್ವುಗಳ ಕಾವಿಗೆ ಸಿಕ್ಕಿ, ವರ್ಷಗಳು ಕಳೆದಂತೆ ಬಿರಿದು ಪುಡಿಯಾಗತೊಡಗಿತು. 1926ರಲ್ಲಿ ವಾಲ್ಡೊ ಸೆಮನ್ ಪಿ.ವಿ.ಸಿ.ಯನ್ನು ಮೆತುವಾಗಿಸುವ ಬಗೆಯನ್ನು ಕಂಡುಕೊಂಡನು. 1938ರಲ್ಲಿ ರಾಯ್ ಪ್ಲಂಕೆಟ್ ಟೆಫ್ಲಾನನ್ನು ಕಂಡುಹಿಡಿದನು. ಪಿ.ವಿ.ಸಿ. ಅಗ್ಗ, ಆದರೆ ಬೆಸುಗೆಯ ಕಾವಿಗೆ ಕುಗ್ಗುವುದು. ಟೆಫ್ಲಾನು ಆ ಕಾವನ್ನು ಎಷ್ಟೋ ಚೆನ್ನಾಗಿ ತಾಳುವುದು.

ಎರಡನೆಯದು ತಂತಿಯನ್ನು ಎಳೆಯುವ ರೀತಿ. 1881ರಲ್ಲಿ ಗ್ರಹಾಂ ಬೆಲ್ ಟೆಲಿಫೋನಿನ ಎರಡು ತಂತಿಗಳನ್ನು ಹುರಿಗೊಳಿಸುವ ಉಪಾಯಕ್ಕೆ ಪೇಟೆಂಟು ಪಡೆದನು. ಹೀಗೆ ಹೆಣೆದರೆ ಒಂದು ತಂತಿಯ ಕಾಂತಕ್ಷೇತ್ರವನ್ನು ಮತ್ತೊಂದರದು ಬಹುಮಟ್ಟಿಗೆ ಅಳಿಸುವುದು. ವಾಲ್ವಿನ ಹೀಟರಿಗೆ 6.3 ವೋಲ್ಟಿನ ಪರ್ಯಾಯ ಪ್ರವಾಹವನ್ನು ಒಯ್ಯುವ ತಂತಿಗಳನ್ನು ಹುರಿಗೊಳಿಸುವುದು ಇದಕ್ಕಾಗಿಯೇ. ಇಲ್ಲವಾದರೆ ಸಂಗೀತದೊಡನೆ ಗುಂಯ್ ಎಂಬ ನಾದವೂ ಕೇಳಿಬರುವುದು. 1947ರಲ್ಲಿ ವಿಲಿಯಮ್ಸನ್ ಪ್ರಕಟಿಸಿದ ಪ್ರಸಿದ್ಧ ಧ್ವನಿವರ್ಧಕದಲ್ಲಿದ್ದ ಕೆ.ಟಿ. 66 ವಾಲ್ವೊಂದರ ಹೀಟರಿಗೇ 1.27 ಆಂಪೇರ್ ಬೇಕು. ಆದುದರಿಂದ ಈ ತಂತಿ ದಪ್ಪವಾಗಿರಬೇಕು.

ಲೋಹದ ವಿಚಾರದಲ್ಲಿ ಮೋಹ ಬೇಡ. ಬೆಳ್ಳಿಯು ತಾಮ್ರಕ್ಕಿಂತ ಶೇಕಡಾ 6ರಷ್ಟು ಮಾತ್ರ ಉತ್ತಮ ವಾಹಕ. ಅರ್ಧ ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಅಡಿಯೊಂದಕ್ಕೆ ಓಮಿನ ನೂರನೆಯ ಒಂದಂಶದಷ್ಟು ಮಾತ್ರ ಪ್ರತಿರೋಧವಿದೆ. ಇಷ್ಟು ಅಲ್ಪದಲ್ಲಿ ಬೆಳ್ಳಿಯ ಲಾಭ ಕಿವಿಗೆ ತಿಳಿಯದು.

ಹೊದಿಕೆಯಲ್ಲಿ ಮಾತ್ರ ಜಿಪುಣತನ ಸಲ್ಲದು. ಇಂತಹ ಧ್ವನಿವರ್ಧಕದ ಆನೋಡುಗಳಲ್ಲಿ ಸಾಮಾನ್ಯವಾಗಿ 300ರಿಂದ 400 ವೋಲ್ಟುಗಳಿರುವುವು. ಹೊದಿಕೆಯು 600 ವೋಲ್ಟನ್ನು ತಾಳುವಂತಹುದಾಗಿರಲಿ. ಹಳೆಯ ರೇಡಿಯೋದಿಂದ ಬಿಚ್ಚಿದ ರಬ್ಬರಿನ ತಂತಿಯನ್ನು ನಾಲ್ಕು ಕಾಸಿನ ಉಳಿತಾಯಕ್ಕೆಂದು ಹೊಸ ಯಂತ್ರದೊಳಗೆ ಹಾಕತಕ್ಕದ್ದಲ್ಲ. ಅಲ್ಲಿ ಕೆಡುವುದು ಸಂಗೀತ ಮಾತ್ರವಲ್ಲ. ಕೈಯಿಟ್ಟವನ ಪ್ರಾಣಕ್ಕೂ ಸಂಚಕಾರವುಂಟು.