ಥರ್ಮೋಸ್ಟಾಟ್ ನಡೆದು ಬಂದ ದಾರಿ

ಲಾರಿಯ ಇಂಜಿನ್ ಪದೇ ಪದೇ ಕಾಯತೊಡಗಿದರೆ ನಮ್ಮಲ್ಲಿ ಅನೇಕ ಗ್ಯಾರೇಜುಗಳಲ್ಲಿ ಮೊದಲು ಮಾಡುವ ಕೆಲಸ ಥರ್ಮೋಸ್ಟಾಟನ್ನು ಬಿಚ್ಚಿ ಎಸೆಯುವುದು. "ಇದು ಚಳಿ ದೇಶದವರಿಗೆ ಬೇಕಾದದ್ದು, ನಮ್ಮ ಬಿಸಿಲಿಗೆ ಇದೇಕೆ?" ಎಂಬ ಮಾತನ್ನು ಕೇಳದವರು ಕಡಿಮೆ. ನಮ್ಮ ಎಷ್ಟೋ ವಿದ್ಯಾರ್ಥಿಗಳ ಮನೆಗಳಲ್ಲಿ ಲಾರಿ ಓಡಿಸುವವರೋ ಗ್ಯಾರೇಜಿನ ಉಸ್ತಾದರೋ ಇದ್ದಾರೆ. (ಪಾಠ ಹೇಳುವವರಿಗೂ ಮೆಕ್ಯಾನಿಕ್ಕಿಗೂ ಒಂದೇ ಹೆಸರು ಕೊಟ್ಟಿರುವುದು ಉರ್ದುವಿನ ಸೊಗಸು.) ಆದ್ದರಿಂದ ಅಂಗೈಯಲ್ಲಿ ಹಿಡಿಸುವ ಈ ಪುಟ್ಟ ಸಾಧನ ಎಲ್ಲಿಂದ ಬಂತು, ಏಕೆ ಬಂತು ಎಂಬುದನ್ನು ತಿಳಿಯುವುದು ಉಚಿತ.

ಯಾರೂ ಪಕ್ಕದಲ್ಲಿ ನಿಲ್ಲದಿದ್ದರೂ ತನ್ನನ್ನು ತಾನೇ ನಿಯಂತ್ರಿಸಿಕೊಳ್ಳುವ ಯಂತ್ರದ ಕನಸು ಬಹಳ ಹಳೆಯದು. ಬಾಗ್ದಾದಿನ ಬನೂ ಮೂಸಾ ಸಹೋದರರು ಸುಮಾರು ಕ್ರಿ.ಶ. 850ರಲ್ಲಿ ರಚಿಸಿದ 'ಕಿತಾಬುಲ್ ಹಿಯಲ್' ಗ್ರಂಥದಲ್ಲಿ ನೀರಿನ ಮಟ್ಟಕ್ಕೆ ತಕ್ಕಂತೆ ತಾವೇ ತೆರೆದು ಮುಚ್ಚುವ ಕವಾಟಗಳ ವಿವರಣೆ ಇದೆ. ಆದರೆ ಅದು ನೀರಿನ ಮಟ್ಟದ ನಿಯಂತ್ರಣವೇ ಹೊರತು ಶಾಖದ್ದಲ್ಲ. ಅಭಿಮಾನಕ್ಕಾಗಿ ಅದನ್ನೇ ಥರ್ಮೋಸ್ಟಾಟ್ ಎನ್ನುವುದು ಸರಿಯಾಗದು.

ಶಾಖವನ್ನು ಹೀಗೆ ನಿಯಂತ್ರಿಸಿದವನು 1572ರಲ್ಲಿ ಹಾಲೆಂಡಿನ ಅಲ್ಕ್‌ಮಾರ್ ಪಟ್ಟಣದಲ್ಲಿ ಹುಟ್ಟಿ, ಇಂಗ್ಲೆಂಡಿನ ದೊರೆಯ ಆಶ್ರಯ ಪಡೆದ ಕಾರ್ನೆಲಿಸ್ ಡ್ರೆಬೆಲ್. ಮೊಟ್ಟೆಗಳಿಗೆ ಕಾವು ಕೊಡುವ ಒಲೆಯೊಳಗೆ ಅವನು ಮದ್ಯಸಾರ ಮತ್ತು ಪಾದರಸ ತುಂಬಿದ ಗಾಜಿನ ಪಾತ್ರೆ ಇಟ್ಟನು. ಕಾವು ಹೆಚ್ಚಿದರೆ ಮದ್ಯಸಾರ ಹಿಗ್ಗಿ ಪಾದರಸವನ್ನು ತಳ್ಳುತ್ತಿತ್ತು. ಆಗ ಒಲೆಯ ಗಾಳಿಯ ಬಾಗಿಲು ಮುಚ್ಚಿ ಬೆಂಕಿ ತಗ್ಗುತ್ತಿತ್ತು. 'ಥರ್ಮೋಸ್ಟಾಟ್' ಎಂಬ ಹೆಸರು ಬಂದದ್ದು ಇದಾಗಿ ಎರಡು ಶತಮಾನಗಳ ನಂತರ. ಸ್ಕಾಟ್ಲೆಂಡಿನ ರಸಾಯನ ಶಾಸ್ತ್ರಜ್ಞ ಆಂಡ್ರ್ಯೂ ಯೂರ್ 1830ರಲ್ಲಿ ಎರಡು ಲೋಹಗಳ ಪಟ್ಟಿಯಿಂದ ಕೆಲಸ ಮಾಡುವ ತನ್ನ ಸಾಧನಕ್ಕೆ ಈ ಹೆಸರು ಕೊಟ್ಟು ಪೇಟೆಂಟ್ ಪಡೆದನು.

ಮೋಟಾರು ವಾಹನ ಹುಟ್ಟಿದಾಗ ಇದರ ಅಗತ್ಯ ಯಾರಿಗೂ ಕಾಣಲಿಲ್ಲ. 1888ರಲ್ಲಿ ಬೆರ್ಟಾ ಬೆನ್ಜ್ ಎಂಬ ಮಹಿಳೆ ಪತಿಯ ಕಾರಿನಲ್ಲಿ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೋದಾಗ ದಾರಿಯುದ್ದಕ್ಕೂ ನೀರು ತುಂಬಿಸಬೇಕಾಯಿತು. ಆ ಇಂಜಿನ್ನಿನಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. 1901ರ ಮರ್ಸಿಡಿಸ್ ಕಾರಿಗೆ ವಿಲ್ಹೆಲ್ಮ್ ಮೇಬಾಕ್ ಜೇನುಗೂಡಿನಂಥ ರೇಡಿಯೇಟರ್ ಅಳವಡಿಸಿದ ಮೇಲೆ ಆ ಕಷ್ಟ ಬಹುಮಟ್ಟಿಗೆ ತೀರಿತು. ಆಗ ತಲೆದೋರಿದ್ದು ಅದಕ್ಕೆ ತದ್ವಿರುದ್ಧವಾದ ಕಷ್ಟ! ಚಳಿಗಾಲದಲ್ಲಿ ಇಂಜಿನ್ ಬೆಚ್ಚಗಾಗುವುದೇ ಇಲ್ಲ. ಚಾಲಕರು ರೇಡಿಯೇಟರಿಗೆ ಹೊದಿಕೆ ಹೊದಿಸಿ ಓಡಿಸುತ್ತಿದ್ದರು. 1914ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಂಪನಿಯು ತನ್ನ ಎಂಟು ಸಿಲಿಂಡರಿನ ಕಾರಿನಲ್ಲಿ ಈ ಕೆಲಸವನ್ನು ಥರ್ಮೋಸ್ಟಾಟಿಗೆ ವಹಿಸಿತು.

ಆ ಕಾಲದ ಥರ್ಮೋಸ್ಟಾಟುಗಳಲ್ಲಿ ಸಾಮಾನ್ಯವಾಗಿ ಬೇಗ ಆವಿಯಾಗುವ ದ್ರವ ತುಂಬಿದ, ಹಾರ್ಮೋನಿಯಂ ತಿದಿಯಂತೆ ಹಿಗ್ಗುವ ತಗಡಿನ ಡಬ್ಬಿ ಇರುತ್ತಿತ್ತು. ಮುಂದೆ ರೇಡಿಯೇಟರಿಗೆ ಒತ್ತಡದ ಮುಚ್ಚಳ ಬಂತು. ಒತ್ತಡ ಹೆಚ್ಚಿದರೆ ನೀರು 100 ಡಿಗ್ರಿ ದಾಟಿದರೂ ಕುದಿಯದು. ಒಳ್ಳೆಯದೇ, ಆದರೆ ಅದೇ ಒತ್ತಡ ತಗಡಿನ ಡಬ್ಬಿಯನ್ನು ಹೊರಗಿನಿಂದ ಅದುಮಿ ಅದರ ಲೆಕ್ಕ ತಪ್ಪಿಸುತ್ತಿತ್ತು. 1930ರ ದಶಕದಲ್ಲಿ ಸರ್ಜಿಯಸ್ ವರ್ನೆ ಎಂಬಾತ ಕಂಡುಹಿಡಿದ ಮೇಣದ ಥರ್ಮೋಸ್ಟಾಟಿಗೆ ಈ ತೊಂದರೆ ಇರಲಿಲ್ಲ. ಇಂದಿನ ಲಾರಿಗಳಲ್ಲಿರುವುದು ಬಹುತೇಕ ಇದೇ ಬಗೆಯದು. ಹಿತ್ತಾಳೆಯ ಸಣ್ಣ ಬಟ್ಟಲಿನಲ್ಲಿ ತಾಮ್ರದ ಪುಡಿ ಬೆರೆಸಿದ ಮೇಣ. ನೀರು ಸುಮಾರು 80 ಡಿಗ್ರಿ ದಾಟಿದಾಗ ಮೇಣ ಕರಗಿ ಹಿಗ್ಗಿ, ಒಳಗಿನ ಕಡ್ಡಿಯನ್ನು ಒತ್ತಿ ರೇಡಿಯೇಟರಿನ ದಾರಿ ತೆರೆಯುತ್ತದೆ. ಅಲ್ಲಿಯವರೆಗೆ ನೀರು ಬೈಪಾಸ್ ದಾರಿಯಲ್ಲಿ ಇಂಜಿನ್ನಿನೊಳಗೇ ಸುತ್ತುತ್ತದೆ. ತಣ್ಣಗಾದರೆ ಸ್ಪ್ರಿಂಗ್ ಬಾಗಿಲು ಮುಚ್ಚುತ್ತದೆ.

ನಮ್ಮ ದೇಶದಲ್ಲಿ 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆನ್ಜ್ ಸಹಯೋಗದಲ್ಲಿ ಜಮ್‌ಷೆಡ್‌ಪುರದಲ್ಲಿ ಲಾರಿ ತಯಾರಿಸಲು ಆರಂಭಿಸಿತು. ಲಾರಿ ಜರ್ಮನಿಯ ಮಾದರಿಯದಾದರೂ 'ಚಳಿ ದೇಶದ ವಸ್ತು' ಎಂಬ ಮಾತಿನಲ್ಲಿ ಹುರುಳಿಲ್ಲ. ರಾಯಚೂರಿನ ಬೇಸಿಗೆಯ 42 ಡಿಗ್ರಿ ನಮಗೆ ಬೆಂಕಿ, ಇಂಜಿನ್ನಿಗೆ ಅದು ತಂಪೇ. ತಣ್ಣಗಿನ ಇಂಜಿನ್ನಿನಲ್ಲಿ ಡೀಸೆಲ್ ಪೂರ್ತಿ ಉರಿಯದು, ಆಯಿಲ್ ಕೆಡುತ್ತದೆ, ಸುಟ್ಟ ಅನಿಲದ ತೇವ ಸಿಲಿಂಡರಿನ ಗೋಡೆಯ ಮೇಲೆ ಆಮ್ಲವಾಗಿ ಕುಳಿತು ಲೋಹವನ್ನು ತಿನ್ನುತ್ತದೆ. ಸಿಲಿಂಡರಿನ ಸವೆತಕ್ಕೆ ಬರೀ ಉಜ್ಜಾಟವಲ್ಲ, ಈ ತಣ್ಣನೆಯ ಆಮ್ಲವೂ ಕಾರಣವೆಂದು 1930ರ ದಶಕದಲ್ಲಿಯೇ ಬ್ರಿಟನ್ನಿನ ಪ್ರಯೋಗಗಳು ತೋರಿಸಿದ್ದವು. ಥರ್ಮೋಸ್ಟಾಟ್ ತೆಗೆದವನಿಗೆ ಇದು ಅಂದೇ ಕಾಣುವುದಿಲ್ಲ. ಬಿಲ್ಲು ಬರುವುದು ಇಂಜಿನ್ ಬೋರ್ ಮಾಡಿಸುವ ದಿನ.

ಇನ್ನೊಂದು ವಿಚಿತ್ರವಿದೆ. ಅನೇಕ ಇಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ರೇಡಿಯೇಟರಿನ ದಾರಿ ತೆರೆಯುವಾಗ ಬೈಪಾಸನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇದ್ದು, ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆಯೇ ಮರಳುತ್ತದೆ. ಘಟ್ಟ ಹತ್ತುವಾಗ ಅಂಥ ಲಾರಿ ಮೊದಲಿಗಿಂತ ಹೆಚ್ಚು ಕಾಯಲೂಬಹುದು.

ಥರ್ಮೋಸ್ಟಾಟ್ ಮುಚ್ಚಿದಂತೆಯೇ ಕಚ್ಚಿಕೊಂಡಿದ್ದರೆ ಇಂಜಿನ್ ಕಾಯುವುದು ನಿಜ. ಅದನ್ನು ಪರೀಕ್ಷಿಸಲು ಒಂದು ಪಾತ್ರೆ ನೀರು ಸಾಕು. ಬಿಚ್ಚಿದ ಥರ್ಮೋಸ್ಟಾಟನ್ನು ತಳ ಮುಟ್ಟದಂತೆ ದಾರದಲ್ಲಿ ಇಳಿಬಿಟ್ಟು ನೀರು ಕಾಯಿಸಬೇಕು, ಜೊತೆಗೆ ಪ್ರಯೋಗಶಾಲೆಯ ಉಷ್ಣಮಾಪಕ ಇಡಬೇಕು. ಅದರ ಮೇಲೆ ಅಚ್ಚಾಗಿರುವ ಡಿಗ್ರಿಯ ಆಸುಪಾಸಿನಲ್ಲಿ ಬಾಗಿಲು ತೆರೆಯತೊಡಗಿದರೆ ಥರ್ಮೋಸ್ಟಾಟ್ ಸರಿಯಿದೆ, ದೋಷವನ್ನು ಕಟ್ಟಿಕೊಂಡ ರೇಡಿಯೇಟರಿನಲ್ಲೋ ಸಡಿಲವಾದ ಫ್ಯಾನ್ ಬೆಲ್ಟಿನಲ್ಲೋ ಹುಡುಕಬೇಕು. ನೀರು ಕುದಿದರೂ ತೆರೆಯದಿದ್ದರೆ ಅದೇ ಡಿಗ್ರಿಯ ಹೊಸದನ್ನು ಹಾಕಿಸಬೇಕು.